ಕಾವಲುನರಿ ಮತ್ತು ಮಡುವಿನ ಹಗ್ಗ

ಒಂದು ಕಾಡಿನಲ್ಲಿ ಒಂದು ಹೊಳೆ ಹರಿಯುತ್ತಿತ್ತು. ಬೇಸಿಗೆ ಬಂದರೆ ಹೊಳೆಯ ಉದ್ದಕ್ಕೂ ಮರಳೇ ಕಾಣುತ್ತಿತ್ತು. ಆದರೆ ಹಾಸುಬಂಡೆಯ ಪಕ್ಕದ ಮಡುವಿನಲ್ಲಿ ಮಾತ್ರ ನೀರು ಬತ್ತುತ್ತಿರಲಿಲ್ಲ. ಹಾಗಾಗಿ ಕಾಡಿನ ಪ್ರಾಣಿಗಳೆಲ್ಲ ನೀರು ಕುಡಿಯಲು ಅಲ್ಲಿಗೇ ಬರುತ್ತಿದ್ದವು. ಮಡು ಆಳವಾಗಿತ್ತು. ಬಂಡೆಯ ಅಂಚಿನಲ್ಲಿ ಪಾಚಿ ಕಟ್ಟಿತ್ತು. ಒಂದು ವರ್ಷ ಜಿಂಕೆಯ ಮರಿಯೊಂದು ಅಲ್ಲಿ ಜಾರಿ ಬಿದ್ದು ಮುಳುಗಿಹೋಯಿತು.

ಅಂದು ಪ್ರಾಣಿಗಳೆಲ್ಲ ಸೇರಿ ಒಂದು ಹಗ್ಗ ಹೊಸೆದವು. ಮನೆಗೊಂದು ಎಳೆಯಂತೆ ಎಲ್ಲರೂ ಬಳ್ಳಿ ತಂದುಕೊಟ್ಟರು. ಮೊಲ ಚಿಕ್ಕ ಎಳೆ ತಂದಿತು, ಕಾಡುಕೋಣ ದಪ್ಪ ಎಳೆ ತಂದಿತು. ಆ ಹಗ್ಗವನ್ನು ದಡದ ಮತ್ತಿಮರಕ್ಕೆ ತೂಗುಹಾಕಿದರು. ಯಾರಾದರೂ ನೀರಿಗೆ ಬಿದ್ದರೆ ಎಸೆಯಲು ಒಬ್ಬ ಕಾವಲಿನವನು ಬೇಕಲ್ಲ?

"ನಾನಿದ್ದೇನೆ!" ಎಂದು ಒಂದು ನರಿ ಮುಂದೆ ಬಂದಿತು. ಅವನ ಹೆಸರು ಕೆಂಚಣ್ಣ. ಅವನು ಕೂಗಿದರೆ ಕಾಡಿನ ಕೊನೆಗೂ ಕೇಳಿಸುತ್ತಿತ್ತು. "ಈಜಿನಲ್ಲಿ ನಾನು ಮೀನಿಗೇ ಅಣ್ಣ" ಎಂದ. ಈಜಿ ತೋರಿಸು ಎಂದು ಯಾರೂ ಕೇಳಲಿಲ್ಲ. ಅಷ್ಟು ದೊಡ್ಡ ಗಂಟಲಿನವನು ಸಿಕ್ಕಿದನಲ್ಲ ಎಂದು ಎಲ್ಲರಿಗೂ ಸಂತೋಷವಾಯಿತು. ಕಾವಲಿನ ಗುರುತಾಗಿ ಅವನ ಕಿವಿಗೆ ನವಿಲುಗರಿ ಸಿಕ್ಕಿಸಿದರು. ಅವನ ಪಾಲಿಗೆ ದಿನವೂ ಊಟ ಬರತೊಡಗಿತು. ಆಚೆ ದಡದ ಕಾವಲು ಒಂದು ಮುಳ್ಳುಹಂದಿಗೆ ಸಿಕ್ಕಿತು.

ನಿಜ ಹೇಳಬೇಕೆಂದರೆ ಕೆಂಚಣ್ಣನಿಗೆ ನೀರೆಂದರೆ ಭಯ. ಮೊಣಕಾಲಿನ ಮೇಲೆ ನೀರು ಬಂದರೆ ಅವನ ಎದೆ ಡವಗುಟ್ಟುತ್ತಿತ್ತು. ಅದನ್ನು ಮುಚ್ಚಿಡಲು ಅವನು ಇನ್ನೂ ಜೋರಾಗಿ ಕೂಗುತ್ತಿದ್ದ. "ಸಾಲಾಗಿ ನಿಲ್ಲಿ! ತಳ್ಳಬೇಡಿ! ಏ ಹಂದಿ, ಅದೇನು ನಿನ್ನ ಮಾವನ ಮನೆಯೇ? ಸರಿ ಅತ್ತ!" ಹೀಗೆ ದಿನ ಕಳೆದವು.

ಒಂದು ಮಧ್ಯಾಹ್ನ ಸಣ್ಣವ್ವ ಎಂಬ ಮೊಲ ತನ್ನ ಮರಿ ಚಿಟ್ಟುವನ್ನು ಕರೆದುಕೊಂಡು ನೀರಿಗೆ ಬಂದಳು. ಚಿಟ್ಟು ಬಂಡೆಯ ಅಂಚಿಗೆ ಬಗ್ಗಿತು. ಪಾಚಿಯ ಮೇಲೆ ಕಾಲು ಜಾರಿತು. ಬುಳಕ್ ಎಂದು ಸದ್ದಾಯಿತು.

"ಅಯ್ಯೋ, ನನ್ನ ಮರಿ!" ಎಂದು ಸಣ್ಣವ್ವ ಕಿರುಚಿದಳು. ನಾಲ್ಕೂ ಕಡೆಯಿಂದ ಪ್ರಾಣಿಗಳು ಓಡಿಬಂದವು. ಚಿಟ್ಟುವಿನ ತಲೆ ನೀರಿನ ಮೇಲೆ ಕಾಣುತ್ತಿತ್ತು. ಕೆಂಚಣ್ಣ ಮರದತ್ತ ಓಡಿದ. ಮತ್ತಿಮರದಿಂದ ಹಗ್ಗ ಇಳಿಸಿದ. ಸದ್ಯ, ಎಸೆಯುತ್ತಾನೆ ಎಂದು ಎಲ್ಲರೂ ಉಸಿರು ಬಿಟ್ಟರು. ಅವನು ಎಸೆಯಲಿಲ್ಲ. ಹಗ್ಗದ ಒಂದು ತುದಿಯನ್ನು ಮತ್ತಿಮರಕ್ಕೆ ಬಿಗಿದ. ಇನ್ನೊಂದು ತುದಿಯನ್ನು ಅದೇ ದಡದ ನೇರಳೆಮರಕ್ಕೆ ಬಿಗಿದ.

"ಯಾರೂ ಈ ಹಗ್ಗ ದಾಟಕೂಡದು! ಮೊದಲು ಗುಂಪು ಹಿಂದೆ ಸರಿಯಲಿ. ದಾಟಿದವರಿಗೆ ನಾಳೆಯಿಂದ ನೀರಿಲ್ಲ!"

"ಅಣ್ಣಾ, ಮರಿ ಮುಳುಗುತ್ತಿದೆ" ಎಂದು ಸಣ್ಣವ್ವ ಬೇಡಿದಳು.

"ನನಗೂ ಕಣ್ಣಿದೆ ತಾಯಿ. ಆದರೆ ಮರಿ ಎಲ್ಲಿದೆ ನೋಡು, ಮಡುವಿನ ನಟ್ಟನಡುವೆ. ಅದು ನನ್ನ ಕಾವಲಿಗೆ ಸೇರಿದ್ದೋ, ಆಚೆ ದಡದ ಮುಳ್ಳುಹಂದಿಯ ಕಾವಲಿಗೆ ಸೇರಿದ್ದೋ? ಏ ಕಾಗೆ, ಹೋಗಿ ಕೇಳಿಕೊಂಡು ಬಾ!"

ಕಾಗೆ ಹಾರಿತು. ಈಗ ನೀರಿನ ಮೇಲೆ ಎರಡು ಕಿವಿಗಳು ಮಾತ್ರ ಕಾಣುತ್ತಿದ್ದವು. ಗುಂಪಿನಲ್ಲಿ ಕರಡಿ ಮಾವ ನಿಂತಿದ್ದ. ಅವನ ತೋಳುಗಳಲ್ಲಿ ಮರ ಅಲ್ಲಾಡಿಸುವಷ್ಟು ಬಲವಿತ್ತು. ಅವನು ಹಗ್ಗದ ತನಕ ಬಂದು ನಿಂತುಬಿಟ್ಟ. ನಾಳೆ ನೀರು ಸಿಗದಿದ್ದರೆ ಎಂಬ ಹೆದರಿಕೆ ಅವನಿಗೂ ಇತ್ತು.

ಕಾಗೆ ಏದುಸಿರು ಬಿಡುತ್ತ ಮರಳಿತು. "ಮರಿಯ ಮುಖ ಯಾವ ದಡದ ಕಡೆಗಿದೆ ಎಂದು ಮುಳ್ಳುಹಂದಿ ಕೇಳಿದ. ಈ ಕಡೆಗಿದ್ದರೆ ಅದು ನಿಮ್ಮದಂತೆ."

"ಕೇಳಿದ್ದು ಸರಿಯಾಗಿಯೇ ಇದೆ" ಎಂದು ಕೆಂಚಣ್ಣ ತಲೆದೂಗಿದ. "ಮುಖ ಕಾಣುತ್ತಿಲ್ಲವಲ್ಲ. ಸ್ವಲ್ಪ ತಡೆಯಿರಿ."

ಆಗ ನೀರಿನ ಮೇಲೆ ಗುಳ್ಳೆಗಳಷ್ಟೇ ಉಳಿದಿದ್ದವು.

ಸಣ್ಣವ್ವ ಮತ್ತೆ ಬೇಡಲಿಲ್ಲ. ನೇರಳೆಮರದತ್ತ ಜಿಗಿದು ಹಗ್ಗದ ಗಂಟಿಗೆ ಹಲ್ಲು ಹಾಕಿದಳು. ಕರಕರ ಎಂದು ಕಡಿದಳು. "ಏ, ಏ! ಕಾವಲಿನ ಹಗ್ಗ ಅದು!" ಎಂದು ಕೆಂಚಣ್ಣ ಅರಚುತ್ತಲೇ ಇದ್ದ. ಹಗ್ಗ ಕಳಚಿ ಬಿತ್ತು. ಸಣ್ಣವ್ವ ಅದರ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ಮಡುವಿಗೆ ಹಾರಿದಳು. ಅದನ್ನು ನೋಡಿ ಕರಡಿ ಮಾವನಿಗೆ ನಾಚಿಕೆಯಾಯಿತು. ಅವನು ಓಡಿಬಂದು ಹಗ್ಗ ಹಿಡಿದ. "ಹೋಗು ತಂಗಿ, ನಾನು ಬಿಡುವುದಿಲ್ಲ!" ಎಂದ. ಸಣ್ಣವ್ವ ನೀರಿನೊಳಗೆ ಮುಳುಗಿದಳು. ಮರಿಯನ್ನು ಅಪ್ಪಿಕೊಂಡು ಮೇಲೆ ಬಂದಳು. ಕರಡಿ ಎಳೆದ. ಹಿಂದಿದ್ದವರೂ ಕೈಹಾಕಿದರು. ತಾಯಿಯೂ ಮರಿಯೂ ದಡ ಸೇರಿದವು. ಚಿಟ್ಟು ಬಹಳ ಹೊತ್ತು ಅಲ್ಲಾಡಲಿಲ್ಲ. ಕೊನೆಗೆ ಕೆಮ್ಮಿ ನೀರು ಕಕ್ಕಿ ಕಣ್ಣು ಬಿಟ್ಟಿತು.

ಕೆಂಚಣ್ಣ ಆಗಲೇ ಅಲ್ಲಿರಲಿಲ್ಲ. ಕಾಡಿನ ಹಿರಿಯಳಾದ ಆನೆಯಜ್ಜಿಯ ಬಳಿಗೆ ಎಲ್ಲರಿಗಿಂತ ಮೊದಲು ಓಡಿದ್ದ. "ಅಜ್ಜಿ, ಇಂದು ಒಂದು ಮೊಲದ ಮರಿಯನ್ನು ಉಳಿಸಿದೆ. ನಾನೇ ಹಗ್ಗ ಎಸೆದೆ. ಆದರೆ ಆ ಮರಿಯ ತಾಯಿಯೇ ಹಗ್ಗ ಕಡಿದು ಹಾಳುಮಾಡಿದಳು. ಅವಳಿಗೆ ಶಿಕ್ಷೆಯಾಗಬೇಕು."

ಆನೆಯಜ್ಜಿ ಎಲ್ಲರನ್ನೂ ಕರೆಸಿದಳು. ಸಣ್ಣವ್ವ ನಡುಗುವ ಮರಿಯನ್ನು ಅವುಚಿಕೊಂಡು ಬಂದಳು. ಕೆಂಚಣ್ಣ ಗುಂಪಿನ ಕಡೆ ಒಮ್ಮೆ ದುರುಗುಟ್ಟಿ ನೋಡಿದ. ನಾಳೆ ನೀರಿಗೆ ಬರಬೇಕಲ್ಲ? ಯಾರೂ ಬಾಯಿ ತೆರೆಯಲಿಲ್ಲ.

ಆನೆಯಜ್ಜಿ ನಿಧಾನವಾಗಿ ಕೇಳಿದಳು. "ಕೆಂಚಣ್ಣ, ಇವಳು ಕಡಿಯುವಾಗ ಹಗ್ಗ ಎಲ್ಲಿತ್ತಪ್ಪ?"

"ಎರಡು ಮರಗಳ ನಡುವೆ ಅಜ್ಜಿ. ನಾನೇ ಬಿಗಿದು ಕಟ್ಟಿದ್ದೆ. ಒಬ್ಬನೂ ದಾಟದ ಹಾಗೆ!"

"ಭೇಷ್. ಆಗ ಮರಿ ಎಲ್ಲಿತ್ತು?"

"ಮರಿಯೇ? ಮರಿ ಮಡುವಿನ..."

ಕೆಂಚಣ್ಣನ ಮಾತು ಅಲ್ಲಿಗೇ ನಿಂತಿತು. ಅವನು ಹೇಳಿದ್ದು ಅವನಿಗೇ ಕೇಳಿಸಿತ್ತು. ಆನೆಯಜ್ಜಿ ಸೊಂಡಿಲು ಚಾಚಿ ಅವನ ಕಿವಿಯ ನವಿಲುಗರಿಯನ್ನು ಮೆಲ್ಲಗೆ ತೆಗೆದಳು. ಅದರ ಮೇಲೆ ಒಂದು ಹನಿ ನೀರೂ ಇರಲಿಲ್ಲ.

ಕೆಂಚಣ್ಣನ ದೊಡ್ಡ ಗಂಟಲು ಮೊದಲ ಬಾರಿಗೆ ಚಿಕ್ಕದಾಯಿತು. "ನನಗೆ ಈಜು ಬರುವುದಿಲ್ಲ ಅಜ್ಜಿ" ಎಂದ.

"ಬಾರದಿರುವುದು ತಪ್ಪಲ್ಲ ಮಗು. ಹಗ್ಗ ಎಸೆಯಲು ಈಜು ಬೇಕಿರಲಿಲ್ಲವಲ್ಲ?"

ಕೆಂಚಣ್ಣ ತಲೆ ತಗ್ಗಿಸಿದ. ಆನೆಯಜ್ಜಿ ಗುಂಪಿನ ಕಡೆ ತಿರುಗಿದಳು. "ತಲೆ ತಗ್ಗಿಸಬೇಕಾದವನು ಇವನೊಬ್ಬನೇ ಅಲ್ಲ. ಗಂಟಲು ಕೇಳಿ ಕಾವಲು ಕೊಟ್ಟವರು ನಾವು. ನಾವೇ ಹೊಸೆದ ಹಗ್ಗಕ್ಕೆ ಹೆದರಿ ನಿಂತವರೂ ನಾವೇ." ಕರಡಿ ಮಾವ ನೆಲ ನೋಡತೊಡಗಿದ.

"ಇವನನ್ನು ಕಾಡಿನಿಂದ ಓಡಿಸಿ!" ಎಂದು ಹಂದಿ ಹಿಂದಿನಿಂದ ಕೂಗಿತು.

"ಓಡಿಸಿದರೆ ಇವನು ಇನ್ನೊಂದು ಹೊಳೆಯ ದಡದಲ್ಲಿ ಗರಿ ಸಿಕ್ಕಿಸಿಕೊಂಡು ನಿಲ್ಲುತ್ತಾನೆ" ಎಂದಳು ಆನೆಯಜ್ಜಿ. "ಬೇಡ. ಇನ್ನು ಮೇಲೆ ಕಾವಲಿಗೆ ಗರಿಯೇ ಇಲ್ಲ. ಹಗ್ಗದ ಒಂದು ತುದಿ ಕಾವಲಿನವನ ಸೊಂಟಕ್ಕೆ, ಇನ್ನೊಂದು ತುದಿ ಅವನ ಕೈಯಲ್ಲಿ. ಆಚೆ ದಡದ ಮುಳ್ಳುಹಂದಿಗೂ ಇದೇ ಮಾತು. ನೀರಿಗೆ ಬಿದ್ದವರ ಮುಖ ಯಾವ ಕಡೆಗಾದರೂ ಇರಲಿ, ಕಂಡವನೇ ಎಸೆಯಬೇಕು. ಕೆಂಚಣ್ಣ, ಈ ಕೆಲಸ ಕಲಿಯುವವರೆಗೆ ನಿನಗೆ ಬಿಡುವಿಲ್ಲ. ದಿನವೂ ಬೆಳಿಗ್ಗೆ ಕರಡಿ ಮಾವ ನಿನ್ನನ್ನು ನೀರಿಗಿಳಿಸುತ್ತಾನೆ."

ಕೆಂಚಣ್ಣ ಅಳುತ್ತಲೇ ನೀರಿಗಿಳಿದ. ಮೊದಲು ಮೊಣಕಾಲು, ಆಮೇಲೆ ಸೊಂಟ. ದಡದಲ್ಲಿ ಕೋತಿಮರಿಗಳು ಕುಳಿತು "ಮೀನಿನ ಅಣ್ಣ, ಮೀನಿನ ಅಣ್ಣ!" ಎಂದು ಕೂಗಿ ನಗುತ್ತಿದ್ದವು. ಅವನು ಕೇಳಿಸಿಕೊಂಡ, ಆದರೆ ಯಾರನ್ನೂ ಗದರಲಿಲ್ಲ.

ಚಿಟ್ಟು ಮಾತ್ರ ಮಡುವಿನ ಹತ್ತಿರ ಬರುತ್ತಿರಲಿಲ್ಲ. ಮುಂಜಾನೆ ಎದ್ದು ಹುಲ್ಲಿನ ಮೇಲಿನ ಇಬ್ಬನಿ ನೆಕ್ಕಿ ಬಾಯಾರಿಕೆ ತೀರಿಸಿಕೊಳ್ಳುತ್ತಿತ್ತು. ಬಿಸಿಲು ಏರಿದಂತೆ ಇಬ್ಬನಿಯೂ ಕಡಿಮೆಯಾಯಿತು. ಮರಿ ಸೊರಗಿತು. ಸಣ್ಣವ್ವ ಎಷ್ಟು ಕರೆದರೂ ಅದು ಹೊಳೆಯ ಕಡೆ ಹೆಜ್ಜೆ ಇಡಲಿಲ್ಲ.

ಒಂದು ದಿನ ಕೋತಿಮರಿಯೊಂದು ಕೊಂಬೆ ಮುರಿದು ಮಡುವಿಗೆ ಬಿದ್ದಿತು. ಗುಂಪು ಸೇರುವುದಕ್ಕೆ ಮೊದಲೇ ಹಗ್ಗ ನೀರಿನ ಮೇಲೆ ಬಿದ್ದಿತ್ತು. ಮರಿಯ ಕೈಗೆ ಅದು ಎಟುಕಲಿಲ್ಲ. ಆಗ ಕೆಂಚಣ್ಣ ಎದೆಮಟ್ಟದ ನೀರಿಗೆ ಇಳಿದ. ಹಗ್ಗ ಎಳೆದುಕೊಂಡು ಮತ್ತೊಮ್ಮೆ ಎಸೆದ. ಮರಿ ಹಗ್ಗ ಹಿಡಿಯಿತು. ಅವನು ಎಳೆದು ದಡ ಸೇರಿಸಿದ. ಅಷ್ಟರಲ್ಲಿ ಒಂದು ಸಲವೂ ಅವನು ಕೂಗಿರಲಿಲ್ಲ.

ಪೊದೆಯ ಮರೆಯಿಂದ ಚಿಟ್ಟು ಇದನ್ನೆಲ್ಲ ನೋಡುತ್ತಿತ್ತು. ಮಾರನೆಯ ಬೆಳಿಗ್ಗೆ ಅದು ಅಮ್ಮನ ಜೊತೆ ಮೆಲ್ಲಗೆ ಬಂಡೆಯ ತನಕ ಬಂದಿತು. ಕೆಂಚಣ್ಣನ ಸೊಂಟ ನೋಡಿತು. ಹಗ್ಗ ಅಲ್ಲೇ ಇತ್ತು, ಇನ್ನೂ ಒದ್ದೆಯಾಗಿತ್ತು. ಚಿಟ್ಟು ಅವನ ಪಕ್ಕಕ್ಕೆ ಬಂದು, ಬಗ್ಗಿ, ನೀರು ಕುಡಿಯಿತು.

ನೀತಿ: ಕಾವಲಿನ ಅಧಿಕಾರ ಇರುವುದು ಜೀವ ಉಳಿಸುವುದಕ್ಕೆ, ಗುಂಪನ್ನು ಹೆದರಿಸುವುದಕ್ಕಲ್ಲ. ಕಣ್ಣೆದುರು ಜೀವ ಹೋಗುತ್ತಿರುವಾಗ ಅದು ಯಾರ ಕೆಲಸ ಎಂದು ಕೇಳುತ್ತ ನಿಲ್ಲಬಾರದು.