ಸೂರ್ಯನೊಳಗಿನ ಸುಣ್ಣ

"ಕೇಳ್ರಪ್ಪೋ ಕೇಳಿ. ರಾಜಕುಮಾರಿ ಬಾಚಲಾದೇವಿಯವರ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ, ಜೊತೆಗೆ ಮದುವೆ. ತಪ್ಪಿದವನ ತಲೆ ಹೋಗುತ್ತದೆ."

ಡಂಗುರ ಸಾರಿಸಿದ್ದು ಹೀಗೆ. ಆದರೆ ರಾಜನಿಗೆ ರಕ್ತ ಕಂಡರೆ ತಲೆಸುತ್ತು. ಹಾಗಾಗಿ ಸೋತವನ ತಲೆಯ ಬದಲು ತಲೆಗೂದಲು ತೆಗೆಸಿ, ಬೋಳುತಲೆಗೆ ಸುಣ್ಣದ ಬೊಟ್ಟಿಟ್ಟು, ಕತ್ತೆಯ ಮೇಲೆ ಕೂರಿಸಿ ಕೋಟೆಗೆ ಮೂರು ಸುತ್ತು ಹಾಕಿಸುತ್ತಿದ್ದರು. ನನ್ನನ್ನು ಕೇಳಿದರೆ ತಲೆ ಹೋಗುವುದೇ ವಾಸಿ.

ಆ ಕತ್ತೆ ಸುಣ್ಣ ಸುಡುವ ದುಗ್ಗನದು. ಅರಮನೆಯವರು ಎರಡು ದಿನಕ್ಕೆಂದು ಎಳೆದುಕೊಂಡು ಹೋಗಿ ಎರಡು ತಿಂಗಳಾಗಿತ್ತು. ಕಲ್ಲು ಹೊರುವವರಿಲ್ಲದೆ ದುಗ್ಗನ ಸುಣ್ಣದ ಗೂಡು ಆರಿತ್ತು; ಮನೆಯ ಒಲೆಯೂ ಅದೇ ದಾರಿ ಹಿಡಿದಿತ್ತು. ಒಗಟಿಗೆ ಬರುವ ವರರು ಮುಗಿಯುವ ತನಕ ಕತ್ತೆ ಬಿಡುವುದಿಲ್ಲ ಎಂದರು ಕಾವಲಿನವರು. ವರರೋ ಮುಗಿಯುವ ಹಾಗೆ ಕಾಣಲಿಲ್ಲ. ಕೊನೆಗೆ ದುಗ್ಗ ಮೈಮೇಲಿನ ಸುಣ್ಣವನ್ನೂ ಕೊಡವದೆ ತಾನೇ ಬಂದು ಸಾಲಿನಲ್ಲಿ ನಿಂತ.

ಒಗಟಿನ ಕೋಣೆ ಕತ್ತಲೆ. ಕಿಟಕಿಯ ಸೀಳಿನಿಂದ ಬಂದ ಬಿಸಿಲು ಮುಮ್ಮೂಲೆಯ ಗಾಜನ್ನು ಹಾದು ಗೋಡೆಯ ಮೇಲೆ ಏಳು ಬಣ್ಣದ ಪಟ್ಟಿಯಾಗಿ ಬಿದ್ದಿತ್ತು. ಪಕ್ಕದಲ್ಲಿ ಉರಿಯುತ್ತಿದ್ದ ಕುಲುಮೆಯ ಬೆಳಕೂ ಗಾಜು ಹಾದು ಅದರ ಕೆಳಗೇ ಬೀಳುತ್ತಿತ್ತು.

"ಈ ಬಣ್ಣದ ಬಟ್ಟೆಯಲ್ಲಿ ಅಲ್ಲಲ್ಲಿ ಎಳೆ ಕಾಣೆಯಾಗಿ ಕಪ್ಪು ಗೆರೆ ಉಳಿದಿದೆ. ಕದ್ದವರು ಯಾರು?" ಎಂದಳು ರಾಜಕುಮಾರಿ.

"ನುಸಿ," ಎಂದ ಬಟ್ಟೆ ವ್ಯಾಪಾರಿ. ಕ್ಷೌರಿಕ ಕತ್ತಿ ಮಸೆದ.

"ನಿಮ್ಮ ಕಣ್ಣಿನ ಕಾಡಿಗೆ," ಎಂದ ನೆರೆರಾಜ್ಯದ ಯುವರಾಜ. "ನಾನು ಕಾಡಿಗೆ ಹಚ್ಚುವುದಿಲ್ಲ," ಎಂದಳು ಅವಳು. ಅವನ ಗುಂಗುರು ಕೂದಲಿಗೆ ಕ್ಷೌರಿಕನೇ ಮರುಗಿದ.

ದುಗ್ಗನ ಸರದಿ ಬಂತು. ಬೆಂಕಿ ಕಂಡಲ್ಲಿ ಮೊದಲು ಒಂದು ಚಿಟಿಕೆ ಸುಣ್ಣ ಹಾಕಿ ಕೈಮುಗಿಯುವುದು ಅವನ ಮನೆತನದ ಪದ್ಧತಿ. ಇಲ್ಲೂ ಹಾಗೇ ಮಾಡಿದ. ಕುಲುಮೆಯ ಪಟ್ಟಿಯಲ್ಲಿ, ನೇರಳೆಯ ಅಂಚಿಗೆ, ಎರಡು ಗೆರೆ ಫಳಕ್ಕನೆ ಹೊಳೆದವು. ಮೇಲಿನ ಬಿಸಿಲಿನ ಪಟ್ಟಿಯಲ್ಲಿ ಅದೇ ನೇರಕ್ಕೆ ಎರಡು ದಪ್ಪ ಕಪ್ಪು ಗೆರೆಗಳಿದ್ದವು. ರಾಜಕುಮಾರಿ ಎದ್ದು ನಿಂತಳು.

"ಕಳ್ಳ ಹೊರಗಿನವನಲ್ಲ ಅಮ್ಮಣ್ಣಿ, ಸೂರ್ಯನ ಮನೆಯವನೇ," ಎಂದ ದುಗ್ಗ. "ನಮ್ಮ ಗೂಡಲ್ಲೂ ಮೇಲಿನ ಆವಿ ಒಳಗಿನ ಬೆಳಕ ಒಂದಿಷ್ಟು ನುಂಗ್ತದೆ. ಸೂರ್ಯನ ಮೈಸುತ್ತಾನೂ ಅಂಥ ಆವಿ ಇರ್ಬೇಕು."

"ಎರಡನೆಯದು. ಯಾರೂ ಹೋಗಲಾಗದ ಆ ಮನೆಯಲ್ಲಿ ಏನು ಸಾಮಾನಿದೆ? ಈ ಎರಡು ದಪ್ಪ ಗೆರೆ ಯಾವುದರ ಗುರುತು?"

"ಸುಣ್ಣದ್ದು. ಬಿಸಿಲಲ್ಲಿ ಕಳೆದಿದ್ದೇ, ನಾ ಸುಣ್ಣ ಹಾಕಿದ್ದಕ್ಕೆ ಕುಲುಮೆ ಬೆಳಕಲ್ಲಿ ಬೆಳಗ್ತು, ಜಾಗ ಒಂದೇ."

"ಸೂರ್ಯನಲ್ಲಿ ಸುಣ್ಣವೇ?" ಎಂದು ರಾಜ ಹೊಟ್ಟೆ ಹಿಡಿದು ನಕ್ಕ. ಮಗಳು ನಗಲಿಲ್ಲ.

"ಮೂರನೆಯದು. ಆ ಕಪ್ಪು ಗೆರೆಗಳ ನಟ್ಟನಡುವೆ ಕೂದಲೆಳೆಯಷ್ಟು ಬೆಳಕಿದೆ. ಕೆಲವು ವರ್ಷ ಮಂಕು, ಕೆಲವು ವರ್ಷ ಉಜ್ವಲ. ಅದು ಏನು ಹೇಳುತ್ತದೆ?"

ದುಗ್ಗ ಲೆಕ್ಕ ಹಾಕಿದ. ತಪ್ಪಿದರೆ ತನ್ನದೇ ಸುಣ್ಣ ತನ್ನ ತಲೆಗೆ, ತಾನು ತನ್ನದೇ ಕತ್ತೆಯ ಮೇಲೆ, ಆಮೇಲೆ ಆ ಕತ್ತೆ ಎಂದೆಂದಿಗೂ ಅರಮನೆಗೆ. ಕಣ್ಣು ಮುಚ್ಚಿ ಗೂಡಿನ ಬಾಯಿ ನೆನೆದ.

"ಗೂಡು ಸುಮ್ನೆ ಉರೀವಾಗ ಮೇಲಿನ ಆವಿ ಮಂಕಾಗಿರ್ತದೆ. ಒಳಗೆ ಕಲಕಿದ್ರೆ ಅದೇ ಆವಿ ಕಾದು ಹೊಳೀತದೆ. ಆ ಬೆಳಕು ಹೆಚ್ಚಾದಾಗ ಸೂರ್ಯನ ಮೇಲಿನ ಪದರಕ್ಕೆ ತಳಮಳ ಜಾಸ್ತಿ, ಅಷ್ಟೇ."

ರಾಜಕುಮಾರಿ ತಾಳೆಯೋಲೆಗಳ ಕಟ್ಟು ಬಿಚ್ಚಿದಳು. ಹನ್ನೊಂದು ವರ್ಷದ ಲೆಕ್ಕ. ಬೆಳಕು ಹೆಚ್ಚಿದ ವರ್ಷಗಳಲ್ಲೆಲ್ಲ ಸೂರ್ಯನ ಮೇಲೆ ಕಲೆಗಳೂ ಹೆಚ್ಚು. "ಮೂರೂ ಸರಿ," ಎಂದಳು. "ಈ ಮಾತಾಡೋಕೆ ಇಷ್ಟು ವರ್ಷ ನನಗೆ ಒಬ್ಬರೂ ಸಿಕ್ಕಿರಲಿಲ್ಲ."

"ಯಾವ ಕಡೆಯ ಅರ್ಧ ರಾಜ್ಯ ಬೇಕಪ್ಪ?" ಎಂದ ರಾಜ, ಅಳುಕುತ್ತ.

"ಕತ್ತೆ ಕೊಡಿ ಬುದ್ಧಿ."

ರಾಜ ಸಂತೋಷದಿಂದ ಕತ್ತೆಯ ಜೊತೆ ಸುಣ್ಣದ ಗುಡ್ಡವನ್ನೂ ಬರೆದುಕೊಟ್ಟ. "ಮದುವೆ ಆಮೇಲೆ ನೋಡೋಣ. ಮೊದಲು ನಿನ್ನ ಗೂಡು ತೋರಿಸು," ಎಂದು ರಾಜಕುಮಾರಿ ಗಾಜನ್ನು ಸೆರಗಿಗೆ ಕಟ್ಟಿಕೊಂಡು ಹಿಂದೆ ಹೊರಟಳು.

ಆದರೆ ಎರಡು ತಿಂಗಳ ರೂಢಿ ಬಿಟ್ಟೀತೇ? ಹೆಬ್ಬಾಗಿಲು ದಾಟಿದ್ದೇ ತಡ, ಕತ್ತೆ ಮನೆಯ ದಾರಿ ಬಿಟ್ಟು ಕೋಟೆ ಸುತ್ತತೊಡಗಿತು. ಎಷ್ಟು ಎಳೆದರೂ ಕೇಳಲಿಲ್ಲ. ಮುಖದ ತುಂಬ ಸುಣ್ಣ ಮೆತ್ತಿಕೊಂಡ ದುಗ್ಗ ಅದರ ಜೊತೆ ಮೂರು ಸುತ್ತೂ ನಡೆಯಬೇಕಾಯಿತು; ರಾಜಕುಮಾರಿ ಹೆಬ್ಬಾಗಿಲಲ್ಲೇ ಕಾದಳು.

"ನಾನು ಗೆದ್ದೆ ಕಣ್ರವ್ವಾ," ಎಂದ, ಎದುರಾದವರಿಗೆಲ್ಲ.

"ಹೌದಪ್ಪ, ಹೌದು," ಎಂದು ಹೆಂಗಸರು ಕಣ್ಣೊರೆಸಿಕೊಂಡರು. "ಪಾಪ, ಕೂದಲಾದರೂ ಉಳಿಸಿದರಲ್ಲ."