ತುಂಬಿದ ಹಗೇವು, ಮುಚ್ಚಿದ ದಿಡ್ಡಿ

"ಗುರುಗಳೇ, ಅನ್ನವಿದೆ, ರೊಟ್ಟಿಯಿದೆ, ಬೇಳೆಯಿದೆ, ತುಪ್ಪವಿದೆ. ಇಷ್ಟಿದ್ದ ಮೇಲೆ ಸೊಪ್ಪು, ಕಾಯಿ, ಹಣ್ಣು ದೇಹಕ್ಕೆ ಬೇಕೇ ಬೇಕೆ?"

ಮಠದಲ್ಲಿ ಮಧ್ಯಾಹ್ನದ ಪಂಕ್ತಿ ಮುಗಿದಿತ್ತು. ಎಲ್ಲರೂ ಕೈ ತೊಳೆಯಲು ಹೋಗಿದ್ದರು. ಮುರಿಗೆಯ್ಯನೆಂಬ ಶಿಷ್ಯ ಮಾತ್ರ ಎಲೆಯ ಮುಂದೆ ಕುಳಿತೇ ಇದ್ದ. ಅವನ ಎಲೆಯಲ್ಲಿ ಹರಿವೆಸೊಪ್ಪಿನ ಪಲ್ಯ ಬಡಿಸಿದ ಹಾಗೆಯೇ ಇತ್ತು. ಪ್ರಶ್ನೆ ಕೇಳುವಾಗ ಅವನು ಬಾಯಿಗೆ ಕೈ ಅಡ್ಡ ಹಿಡಿದಿದ್ದ. ಗುರುಗಳ ಮುಂದೆ ಹಾಗೆ ಮಾತಾಡುವುದು ಮರ್ಯಾದೆ. ಹಾಗಾಗಿ ಯಾರಿಗೂ ಅದು ವಿಶೇಷವೆನಿಸುತ್ತಿರಲಿಲ್ಲ.

ಮುರಿಗೆಯ್ಯ ಅಂಜುವ ಮನುಷ್ಯ. ಮಠಕ್ಕೆ ಬಂದ ಹೊಸದರಲ್ಲಿ ಈರುಳ್ಳಿ ಬಿಟ್ಟ. ಬದನೆಕಾಯಿಯಲ್ಲಿ ಹುಳುವಿರುತ್ತದೆ, ಜೀವಹಿಂಸೆಯಾದೀತು ಎಂದು ಬದನೆ ಬಿಟ್ಟ. ಕಣ್ಣಿಗೆ ಕಾಣದ ಹುಳು ಸೊಪ್ಪಿನಲ್ಲಿದ್ದರೆ ಗತಿಯೇನು ಎಂದು ಸೊಪ್ಪು ಬಿಟ್ಟ. ಹಣ್ಣು ನಾಲಿಗೆಯ ಚಪಲ ಎಂದು ಹಣ್ಣನ್ನೂ ಬಿಟ್ಟ. ಒಂದೊಂದನ್ನು ಬಿಟ್ಟಾಗಲೂ ಊರವರು ಬಂದು ಕೈಮುಗಿದರು. ಕೈಮುಗಿದವರ ಎದುರಿಗೆ, ಬಿಟ್ಟದ್ದನ್ನು ಮತ್ತೆ ಬಾಯಿಗಿಡುವುದು ಸುಲಭವಲ್ಲ.

ಗುರುಗಳು ಅವನ ಎಲೆಯನ್ನು ನೋಡಿದರು.

"ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ನೀನು ಬಿಡುವುದನ್ನಷ್ಟೇ ಬಲ್ಲೆ" ಎಂದರು. "ಏಳಬೇಡ. ಒಬ್ಬ ಕಿಲ್ಲೇದಾರನ ಕತೆ ಹೇಳುತ್ತೇನೆ. ಎಲೆ ಎದುರಿಗೇ ಇರಲಿ."

ಹಾಗೆಂದು ಹೇಳತೊಡಗಿದರು.

ಒಂದು ಕಲ್ಲುಬೆಟ್ಟ. ಅದರ ಮೇಲೊಂದು ಕೋಟೆ. ಆ ಕೋಟೆಯನ್ನು ಕಾಯಲು ಅರಸ ಒಬ್ಬ ಕಿಲ್ಲೇದಾರನನ್ನು ಇಟ್ಟಿದ್ದ. ಮನುಷ್ಯ ಕೆಟ್ಟವನಲ್ಲ. ಶೂರ. ಉಂಡ ಮನೆಗೆ ಎರಡು ಬಗೆಯದವನು. ಆದರೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ. ಕತ್ತಿಗೆ ಹೆದರದವನು ಕಂಡವರ ಕಣ್ಣಿಗೆ ಹೆದರುತ್ತಿದ್ದ.

ಶತ್ರು ದಂಡೆತ್ತಿ ಬರುತ್ತಾನೆಂಬ ಸುದ್ದಿ ಬಂತು. ಕಿಲ್ಲೇದಾರ ಕಾಳು ಕೂಡಿಸತೊಡಗಿದ. ನೆಲದೊಳಗಿನ ಕಣಜಗಳನ್ನು, ಹಗೇವುಗಳನ್ನು, ರಾಗಿ ಭತ್ತಗಳಿಂದ ಬಾಯಿಮಟ ತುಂಬಿಸಿದ. ಉಪ್ಪು ಬಂತು, ಬೆಲ್ಲ ಬಂತು, ತುಪ್ಪದ ಕೊಪ್ಪರಿಗೆಗಳು ಬಂದವು. ಆದರೂ ಅವನಿಗೆ ಸಮಾಧಾನವಿಲ್ಲ. ಸಾಲದಿದ್ದರೆ? ಮುತ್ತಿಗೆ ಮುಂದಿನ ಮಳೆಗಾಲ ದಾಟಿದರೆ? ಕೋಟೆಯೊಳಗೆ ಒಂದು ತೋಟವಿತ್ತು. ಸೊಪ್ಪು, ಬದನೆ, ಸೋರೆ ಬೆಳೆಯುತ್ತಿತ್ತು. ನಾಲ್ಕಾರು ನಿಂಬೆ ಗಿಡಗಳಿದ್ದವು. ಆ ತೋಟವನ್ನೇ ಅಗೆಸಿ ಇನ್ನಷ್ಟು ಹಗೇವು ತೋಡಿಸಿದ. ಜನ ಬೇಡವೆಂದರು. "ಸೊಪ್ಪು ತಿಂದು ಯಾರು ಕೋಟೆ ಕಾಯ್ದಿದ್ದಾರೆ?" ಎಂದು ಗದರಿದ. ಹಿತ್ತಲ ಗಿಡ ಮದ್ದಲ್ಲ, ನೋಡು.

ಶತ್ರು ಬಂದ. ಬೆಟ್ಟದ ಸುತ್ತ ಡೇರೆ ಹಾಕಿದ. ಹೆಬ್ಬಾಗಿಲು ಮುಚ್ಚಿತು.

ಕೋಟೆಯ ಹಿಂಗೋಡೆಯಲ್ಲಿ ಒಂದು ಸಣ್ಣ ಬಾಗಿಲಿತ್ತು. ಅದಕ್ಕೆ ದಿಡ್ಡಿ ಎನ್ನುತ್ತಿದ್ದರು. ಅದರಾಚೆ ಬೆಟ್ಟದ ಇಳಿಜಾರು. ಅಲ್ಲಿ ಕಲ್ಲಿನ ಸಂದಿಯಲ್ಲಿ ಹೊನಗೊನೆ, ಅಣ್ಣೆಸೊಪ್ಪು ಹಬ್ಬಿದ್ದವು. ಬೆಟ್ಟದ ನೆಲ್ಲಿಯ ಮರಗಳು ಕಾಯಿ ಹಿಡಿದಿದ್ದವು. ಶತ್ರುವಿನ ಗುಂಡು ಅಲ್ಲಿಗೆ ತಾಕುತ್ತಿರಲಿಲ್ಲ, ಗೋಡೆಯ ಮೇಲಿನ ಕಾವಲಿಗೆ ಅಂಜಿ ಅವರು ಹತ್ತುತ್ತಲೂ ಇರಲಿಲ್ಲ. ಕಣ್ಣು ಮಾತ್ರ ತಾಕುತ್ತಿತ್ತು. ತೋಟ ಹೋದ ಮೇಲೆ ಹೆಂಗಸರು ಬೆಳಿಗ್ಗೆ ದಿಡ್ಡಿಯಿಂದ ಇಳಿದು, ಮಡಿಲು ತುಂಬ ಸೊಪ್ಪು ನೆಲ್ಲಿಕಾಯಿ ತರುತ್ತಿದ್ದರು. ಕೋಟೆಯವರ ಸಾರು ಪಲ್ಯಕ್ಕೆ ಅದೇ ಆಗಿತ್ತು.

ಕೆಳಗಿನವರು ಅದನ್ನು ಕಂಡರು. ತಮಟೆ ಬಡಿದು ಕೂಗಿದರು. "ಕಿಲ್ಲೇದಾರನ ಮನೆಯಲ್ಲಿ ಅಕ್ಕಿ ತೀರಿತು, ಹೆಂಗಸರು ಮೇಯಲು ಬಂದರು!"

ಆ ಕೂಗು ಕಿಲ್ಲೇದಾರನ ಎದೆಗೆ ನಾಟಿತು. ಇವರಿಗೆ ಹಸಿವು ಎಂದು ಶತ್ರು ತಿಳಿದರೆ ಬಿಟ್ಟು ಹೋದಾನೆಯೇ? ಅರಸನ ಕಿವಿಗೆ ಬಿದ್ದರೆ ಏನೆಂದಾನು? ಆ ದಿನವೇ ದಿಡ್ಡಿಗೆ ಬೀಗ ಹಾಕಿಸಿದ. ಬೀಗದ ಕೈಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡ. ಕತ್ತಲಲ್ಲಿ ಹೋಗಿ ತರುತ್ತೇವೆ ಎಂದರು ಕೆಲವರು. ಅದು ಜಾರುವ ಬಂಡೆ, ದೀಪವಿಲ್ಲದೆ ಇಳಿಯುವಂತಿರಲಿಲ್ಲ. ದೀಪ ಹಿಡಿದರೆ ಮತ್ತೆ ಕೆಳಗಿನವರ ಕಣ್ಣು. ಆಗದು ಎಂದ.

ಅಷ್ಟಕ್ಕೇ ನಿಲ್ಲಲಿಲ್ಲ. ಹೊಟ್ಟೆ ತುಂಬಿದೆ ಎಂದು ತೋರಿಸಬೇಕಲ್ಲ! ದಿನವೂ ಹೊತ್ತೇರಿದ ಮೇಲೆ ಸಿಪಾಯಿಗಳು ಹೆಬ್ಬಾಗಿಲ ಮೇಲಿನ ಬುರುಜಿನಲ್ಲಿ ಸಾಲಾಗಿ ಕುಳಿತು, ಶತ್ರುವಿಗೆ ಕಾಣುವಂತೆ ತುಪ್ಪದನ್ನ ಉಣ್ಣಬೇಕೆಂದು ಕಟ್ಟಪ್ಪಣೆ ಮಾಡಿದ. ತಾನೂ ನಡುವೆ ಕುಳಿತ. ಕೆಳಗಿನವರ ತಮಟೆ ನಿಂತಿತು. ಕಿಲ್ಲೇದಾರ ಮೀಸೆ ತಿರುವಿದ.

ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಕಾವಲಿನವರು ಕುಳಿತಲ್ಲಿಂದ ಏಳುವಾಗ ಮೊಣಕಾಲು ಹಿಡಿದುಕೊಳ್ಳತೊಡಗಿದರು. ಹಗಲಲ್ಲೇ ತೂಕಡಿಸಿದರು. ವಸಡು ಊದಿತು. ಹಲ್ಲು ಅಲ್ಲಾಡಿತು. ಕೈಯಲ್ಲಿದ್ದ ಬಿಳಿ ಅನ್ನದ ತುತ್ತಿಗೆ ವಸಡಿನ ರಕ್ತದ ಕೆಂಪು ಹತ್ತಿತು. ಕೆಳಗಿನವರಿಗೆ ಅದು ಕಾಣುವಂತಿರಲಿಲ್ಲ. ಪಕ್ಕದವನಿಗೆ ಕಾಣುತ್ತಿತ್ತು. ಅವನೂ ತನ್ನ ತುತ್ತನ್ನು ಬೇಗ ನುಂಗಿಬಿಡುತ್ತಿದ್ದ. ಕಿಲ್ಲೇದಾರ ಕಣ್ಣಿಟ್ಟಿರುವುದು ಶತ್ರುವಿನ ಮೇಲೋ, ತಮ್ಮ ಬಾಯ ಮೇಲೋ ಎಂದು ಸಿಪಾಯಿಗಳಿಗೆ ತಿಳಿಯದಾಯಿತು.

ಕಿಲ್ಲೇದಾರನಿಗೆ ಒಬ್ಬ ತಮ್ಮನಿದ್ದ. ಕೋಟೆಯಲ್ಲಿ ಅವನಷ್ಟು ಬಲವಾದ ಕತ್ತಿಗೈ ಬೇರೆ ಇರಲಿಲ್ಲ. ಅವನ ಬಲಭುಜದ ಮೇಲೆ ಒಂದು ಉದ್ದನೆಯ ಗಾಯದ ಕಲೆ. ಹಿಂದೊಂದು ಕಾಳಗದಲ್ಲಿ ಅಣ್ಣನ ಕುತ್ತಿಗೆಗೆ ಬಂದ ಏಟನ್ನು ಅವನು ಭುಜವೊಡ್ಡಿ ತೆಗೆದುಕೊಂಡಿದ್ದ. ಅದು ಮಾಯ್ದು ವರ್ಷಗಳೇ ಕಳೆದಿದ್ದವು.

ಒಂದು ದಿನ ಕಿಲ್ಲೇದಾರನ ಹೆಂಡತಿ ಗಂಡನೆದುರು ಬಂದು ನಿಂತಳು.

"ನಿಮ್ಮ ತಮ್ಮನ ಅಂಗಿ ಒಗೆದೆ. ಹಳೇ ಗಾಯ ಬಾಯಿಬಿಟ್ಟಿದೆ. ಅಣ್ಣನಿಗೆ ಹೇಳಬೇಡಿ ಅತ್ತಿಗೆ ಅಂದಿದ್ದಾನೆ."

ಕಿಲ್ಲೇದಾರ "ಔಷಧ ಹಾಕಿಸು" ಎಂದ.

"ಔಷಧ ದಿಡ್ಡಿಯ ಆಚೆ ಇದೆ. ದಿನವೂ ಹೊಟ್ಟೆಗೆ ಊಟ ಬೀಳುತ್ತಿದೆ, ಮೈಗೆ ಉಪವಾಸ ಬಿದ್ದಿದೆ. ಬಾಗಿಲು ತೆಗೆಸಿ. ಒಂದು ಮಡಿಲು ನೆಲ್ಲಿಕಾಯಿ ತಂದುಕೊಳ್ಳುತ್ತೇವೆ."

"ಕೆಳಗಿನವರು ನೋಡುತ್ತಾರೆ."

"ನೋಡಲಿ ಬಿಡಿ. ನೋಡಿದರೆ ನಿಮ್ಮ ಮಾನ ಹೋಗುತ್ತದೆ. ಬಾಗಿಲು ತೆಗೆಯದಿದ್ದರೆ ಮೈದುನ ಹೋಗುತ್ತಾನೆ."

ಅವನು ಎದ್ದು ಹೋದ. ದಿಡ್ಡಿಯ ಹತ್ತಿರ ನಿಂತು ಸೊಂಟದಿಂದ ಬೀಗದ ಕೈ ತೆಗೆದ. ಬೀಗಕ್ಕೆ ಇಟ್ಟ. ಅಷ್ಟರಲ್ಲಿ ಕೆಳಗೆ ಯಾರೋ ನಕ್ಕ ಸದ್ದು. ಅವರು ಯಾತಕ್ಕೆ ನಕ್ಕರೋ, ತಮ್ಮತಮ್ಮಲ್ಲೇ ಏನು ಹಾಸ್ಯವೋ. ಕಿಲ್ಲೇದಾರನಿಗೆ ಅದು ತನ್ನನ್ನೇ ಕುರಿತು ಎನಿಸಿತು. ಮುತ್ತಿಗೆ ಹಾಕಿದವರಿಗೂ ದಣಿವಾಗಿದೆ, ನಾಳೆಯೋ ನಾಡಿದ್ದೋ ಡೇರೆ ಕಿತ್ತಾರು, ಆಮೇಲೆ ಹೆಬ್ಬಾಗಿಲನ್ನೇ ತೆಗೆಯೋಣ ಎಂದುಕೊಂಡ. ಬೀಗದ ಕೈ ಮತ್ತೆ ಸೊಂಟಕ್ಕೆ ಹೋಯಿತು. ಮರುದಿನವೂ ಬಂದ. ಮರುದಿನವೂ ಹಾಗೆಯೇ ತಿರುಗಿದ. ನಿದ್ದೆ ಹೋಯಿತು. ತಮ್ಮನನ್ನು ಕಂಡರೆ ಮುಖ ತಿರುಗಿಸಿ ನಡೆದ. ತಮ್ಮನೂ ಅಣ್ಣನನ್ನು ಕಂಡಾಗ ಕಂಬಳಿಯನ್ನು ಭುಜದ ಮೇಲೆ ಎಳೆದುಕೊಂಡ. ಒಬ್ಬರಿಗೊಬ್ಬರು ಜೀವ ಕೊಡುವಂಥವರು, ಮುರಿಗೆಯ್ಯ. ಒಂದು ಮಾತು ಆಡಲಾರದೆ ಹೋದರು.

ಕೊನೆಗೊಂದು ದಿನ ಬುರುಜಿನ ಮೇಲೆ ಎಂದಿನಂತೆ ತುಪ್ಪದನ್ನ ಬಡಿಸಿದರು. ಸಿಪಾಯಿಗಳು ತುತ್ತು ಕಲಸಿದರು, ಎತ್ತಿದರು. ಬಾಯಿ ತೆರೆಯಲಾಗಲಿಲ್ಲ. ಎತ್ತಿದ ಕೈಗಳು ಎತ್ತಿದ ಹಾಗೇ ನಿಂತವು. ನಡುವೆ ಕುಳಿತಿದ್ದ ಕಿಲ್ಲೇದಾರನ ಕೈಯೂ ನಿಂತಿತು.

ಕೆಳಗೆ ಶತ್ರುವಿನ ದಳವಾಯಿ ದಿನವೂ ಈ ಊಟವನ್ನು ನೋಡುತ್ತಿದ್ದ. ಆ ದಿನ ಅವನ ಹುಬ್ಬು ಗಂಟಿಕ್ಕಿತು. "ಅನ್ನ ಇದೆ, ಉಣ್ಣುವ ಬಾಯಿಲ್ಲ. ಏಣಿ ತನ್ನಿ" ಎಂದ. ಶತ್ರುವನ್ನು ಕೋಟೆಗೆ ಕರೆದದ್ದು ಆ ಊಟವೇ. ತೋರಿಸಬೇಕೆಂದು ಕುಳಿತವರು ಎಲ್ಲವನ್ನೂ ತೋರಿಸಿಬಿಟ್ಟಿದ್ದರು.

ಹಿಂಬದಿಯ ಇಳಿಜಾರಿನಿಂದ ಏಣಿ ಹತ್ತಿದರು. ತಡೆಯಲು ತಮ್ಮ ಓಡಿಬಂದ. ಕತ್ತಿ ಎತ್ತಿದ. ಎತ್ತಿದ ರಭಸಕ್ಕೆ ಭುಜದ ಗಾಯ ಪೂರ್ತಿ ಹರಿಯಿತು. ಯಾರೂ ಅವನನ್ನು ಹೊಡೆಯಲಿಲ್ಲ. ತಾನಾಗಿ ಕುಸಿದ. ಮಿಕ್ಕವರು ಕತ್ತಿ ಕೆಳಗಿಟ್ಟರು.

ದಳವಾಯಿ ಹಗೇವು ತೆಗೆಸಿ ನೋಡಿದ. ಅರ್ಧವೂ ಖಾಲಿಯಾಗಿರಲಿಲ್ಲ. "ಇಷ್ಟು ಕಾಳಿಟ್ಟುಕೊಂಡು ನಿನ್ನ ಮಂದಿ ಹೀಗೇಕೆ ಸೊರಗಿದರು?" ಎಂದು ಕಿಲ್ಲೇದಾರನನ್ನು ಕೇಳಿದ.

ಶತ್ರುವಿನ ಒಬ್ಬ ಕಾಲಾಳು ಬೆಟ್ಟ ಹತ್ತುವಾಗ ನೆಲ್ಲಿಕಾಯಿ ಕಿತ್ತು ಚೀಲಕ್ಕೆ ಹಾಕಿಕೊಂಡಿದ್ದ. ಒಂದೊಂದೇ ತಿಂದು ಬೀಜ ಉಗುಳುತ್ತ ನಿಂತಿದ್ದ. ಕಿಲ್ಲೇದಾರನ ಹೆಂಡತಿ ಅವನ ಮುಂದೆ ಹೋಗಿ ಸೆರಗೊಡ್ಡಿದಳು. ಎರಡೂ ಕಡೆಯ ದಂಡು ನೋಡುತ್ತಿತ್ತು. ಯಾರೂ ನಗಲಿಲ್ಲ. ಕಾಲಾಳು ಚೀಲವನ್ನೇ ಸುರಿದ. ಅವಳು ಮೈದುನನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಾಯಿ ಜಜ್ಜಿ, ಅವನ ತುಟಿಗೆ ರಸ ಹಿಂಡಿದಳು. ಅವನಿಗೆ ನುಂಗುವ ಶಕ್ತಿ ಉಳಿದಿರಲಿಲ್ಲ. ರಸ ಕೆನ್ನೆಯ ಮೇಲೆ ಹರಿದು ಹೋಯಿತು. ಕಿಲ್ಲೇದಾರ ಅದನ್ನು ನೋಡುತ್ತ ನಿಂತಿದ್ದ. ದಿಡ್ಡಿಯ ಬೀಗದ ಕೈ ಅವನ ಸೊಂಟದಲ್ಲೇ ಇತ್ತು.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಯ್ಯ ಬಾಯಿಗೆ ಕೈ ಅಡ್ಡ ಹಿಡಿದೇ ಹೇಳಿದ:

"ಅವನದು ಜಂಬ ಗುರುಗಳೇ. ಯಾರೋ ನೋಡುತ್ತಾರೆ ಎಂದು ಮಾಡಿದ್ದು. ನನ್ನದು ವ್ರತ."

ಗುರುಗಳು ಅವನ ಎಲೆಯನ್ನು ಅವನ ಕಡೆಗೆ ಸರಿಸಿ ಹೇಳಿದರು:

"ಈ ಬೆಳಿಗ್ಗೆ ಬಾವಿಯ ಹಿಂದೆ ನೀನು ಹಲ್ಲುಜ್ಜಿ ಮಣ್ಣಲ್ಲಿ ಹೂತ ಬೇವಿನ ಕಡ್ಡಿಗೆ ರಕ್ತ ಹತ್ತಿತ್ತು ಮುರಿಗೆಯ್ಯ, ಅದನ್ನು ಯಾರು ನೋಡುತ್ತಾರೆಂದು ಹೂತೆ?"