ಆರನೇ ನಂಬರಿನ ಟ್ಯೂಬು

ಸೋಮವಾರ ಬೆಳಿಗ್ಗೆ ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಗಂಭೀರ ಘಟನೆ ನಡೆಯಿತು. ಟ್ರೇಯಲ್ಲಿ ಉಸಿರಾಟದ ಮೂರು ಟ್ಯೂಬುಗಳಿರಬೇಕಾದ ಕಡೆ ಒಂದೇ ಇತ್ತು. ಅರಿವಳಿಕೆ ವಿಭಾಗದ ಹಿರಿಯ ವೈದ್ಯರಾದ ಬಿರಾದಾರರು ಕೈಗವಸು ಬಿಚ್ಚಿ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ನಾಲ್ಕು ವರ್ಷದ ಮಗುವಿನ ಹರ್ನಿಯಾ ಆಪರೇಷನ್ ಹನ್ನೊಂದು ನಿಮಿಷ ತಡವಾಯಿತು. ಸರ್ಜನ್ ಎರಡು ಸಲ ಗಡಿಯಾರ ನೋಡಿದರು.

ಉಳಿದೆರಡು ಟ್ಯೂಬುಗಳು ಬಂದವು. ಆಪರೇಷನ್ ಮುಗಿಯಿತು. ಮಗು ಎಚ್ಚರಗೊಂಡು ಬಿಸ್ಕತ್ತು ಕೇಳಿತು. ಚಹಾದ ಹೊತ್ತಿಗೆ, ಟ್ರೇ ಜೋಡಿಸಿದ್ದ ಕಿರಿಯ ವೈದ್ಯೆ ಸಂಹಿತಾ ಗುರುಗಳನ್ನು ಕೇಳಿದಳು.

"ಸರ್, ಮಗುವಿನ ವಯಸ್ಸನ್ನು ನಾಲ್ಕರಿಂದ ಭಾಗಿಸಿ ನಾಲ್ಕು ಕೂಡಿಸಿದರೆ ಉಸಿರಿನ ಟ್ಯೂಬಿನ ಅಳತೆ ಬರುತ್ತದೆ. ಬರುವುದು ಒಂದೇ ಅಳತೆ. ಅದಕ್ಕಿಂತ ಚಿಕ್ಕದೊಂದು, ದೊಡ್ಡದೊಂದು ಯಾಕೆ ಬೇಕು?"

ಬಿರಾದಾರರು ಕತೆ ಹೇಳಿದರು.

ಒಬ್ಬ ವೈದ್ಯನಿದ್ದ. ಲೆಕ್ಕದಲ್ಲಿ ಗಟ್ಟಿಗ. ಒಬ್ಬ ರೋಗಿಗೆ ಒಂದೇ ಟ್ಯೂಬಿನ ಪೊಟ್ಟಣ ಒಡೆಯುತ್ತಿದ್ದ. ಎರಡನೆಯದನ್ನು ಒಡೆಯುವವರನ್ನು ಕಂಡರೆ ಅವನಿಗೆ ಮರುಕ.

ಅವನಿದ್ದ ಆಸ್ಪತ್ರೆಗೆ ಒಬ್ಬ ತಾಯಿ ಮಗಳನ್ನು ಕರೆತಂದಳು. ಅಪೆಂಡಿಕ್ಸ್ ಊದಿಕೊಂಡಿತ್ತು. ಗುಮಾಸ್ತ ಶಾಲೆಯ ಸರ್ಟಿಫಿಕೇಟ್ ನೋಡಿ ಫೈಲಿನಲ್ಲಿ ಎಂಟು ವರ್ಷ ಎಂದು ಬರೆದ. ಎರಡು ವರ್ಷದ ಹಿಂದೆ ಅವರ ಊರಿನ ಶಾಲೆಗೆ ಮಕ್ಕಳು ಕಡಿಮೆ ಬಿದ್ದಿದ್ದರು. ಶಾಲೆ ಮುಚ್ಚಬಾರದೆಂದು ಹೆಡ್‌ಮಾಸ್ತರರು ನಾಲ್ಕು ವರ್ಷದ ಈ ಹುಡುಗಿಗೆ ಎರಡು ವರ್ಷ ಸೇರಿಸಿ ಒಂದನೇ ತರಗತಿಗೆ ಹಾಕಿಕೊಂಡಿದ್ದರು. ಒಳ್ಳೆಯ ಮನುಷ್ಯ. ಶಾಲೆ ಉಳಿಯಿತು.

ಥಿಯೇಟರಿನ ಬಾಗಿಲಲ್ಲಿ ವೈದ್ಯ ರೂಢಿಯಂತೆ ತಾಯಿಯನ್ನು ಮಗಳ ವಯಸ್ಸು ಕೇಳಿದ.

"ಶಾಲಿ ವಯಸ್ಸು ಹೇಳ್ಲೇನ್ರಿ ಡಾಕ್ಟ್ರ, ಖರೇ ವಯಸ್ಸು ಹೇಳ್ಲೇನ್ರಿ?" ಎಂದಳು ತಾಯಿ.

"ಇರ್ಲಿ ಬಿಡವ್ವಾ, ಫೈಲಿನಾಗ ಐತಿ," ಎಂದು ವೈದ್ಯ ಒಳಗೆ ಹೋದ.

ಎಂಟನ್ನು ನಾಲ್ಕರಿಂದ ಭಾಗಿಸಿದರೆ ಎರಡು. ನಾಲ್ಕು ಕೂಡಿಸಿದರೆ ಆರು. ಆದರೆ ಹುಡುಗಿಗೆ ನಿಜಕ್ಕೂ ಆರೇ ವರ್ಷ, ಆ ಗಂಟಲಿಗೆ ಬೇಕಾದದ್ದು ಐದೂವರೆ. ಆರನೇ ನಂಬರಿನ ಟ್ಯೂಬು ಅರ್ಧ ದಾರಿಯಲ್ಲಿ ತಡೆಯಿತು. ಲೆಕ್ಕ ತಪ್ಪಿರಲಾರದು, ಆದ್ದರಿಂದ ವೈದ್ಯ ಒತ್ತಿದ. ಇಳಿಯಿತು. ಮಕ್ಕಳಿಗೆ ಹಾಕಿದ ಟ್ಯೂಬಿನ ಸುತ್ತ ಕೊಂಚ ಗಾಳಿ ಸೋರುವ ಸದ್ದು ಕೇಳಬೇಕು. ಕೇಳಲಿಲ್ಲ. ಎಷ್ಟು ಚೆನ್ನಾಗಿ ಕೂತಿದೆ ಎಂದು ಅವನಿಗೆ ಸಮಾಧಾನವಾಯಿತು.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಟ್ಯೂಬು ತೆಗೆದರು. ಹುಡುಗಿ ಕಣ್ಣು ಬಿಟ್ಟು ಅವ್ವನನ್ನು ಕರೆದಳು. ಧ್ವನಿ ಒಡೆದಿತ್ತು. ವಾರ್ಡಿಗೆ ಕಳಿಸಿದರು. ಅಲ್ಲಿ ಗಂಟಲು ಒಳಗೊಳಗೇ ಊದುತ್ತಾ ಹೋಯಿತು. ಮಗು ಉಸಿರೆಳೆದಾಗಲೆಲ್ಲ ಸೀಟಿಯಂಥ ಸದ್ದು ಬರುತ್ತಿದೆ ಎಂದು ತಾಯಿ ನರ್ಸಿಗೆ ಎರಡು ಸಲ ಹೇಳಿದಳು. ಮಲಗಿದರೆ ಸರಿಹೋಗುತ್ತದೆ ಎಂದು ಉತ್ತರ ಬಂತು. ವೈದ್ಯನಿಗೆ ಸುದ್ದಿ ಮುಟ್ಟಿ ಅವನು ಓಡಿ ಬರುವಷ್ಟರಲ್ಲಿ ಸದ್ದು ನಿಂತಿತ್ತು. ಈಗ ಚಿಕ್ಕ ಟ್ಯೂಬು ಬೇಕಾಯಿತು. ಅದು ಕೆಳಗಿನ ಮಹಡಿಯ ಸ್ಟೋರಿನಲ್ಲಿತ್ತು. ಸ್ಟೋರಿಗೆ ಬೀಗ ಹಾಕಿತ್ತು.

ವಿಚಾರಣೆ ನಡೆಯಿತು. ಮೂವರು ತಜ್ಞರು ಬಂದು ಫೈಲು ತರಿಸಿ, ಅವನ ಲೆಕ್ಕವನ್ನು ತಾವೂ ಮಾಡಿ ನೋಡಿದರು. ಮೂವರಿಗೂ ಆರೇ ಬಂತು. ವೈದ್ಯನ ತಪ್ಪಿಲ್ಲ ಎಂದು ವರದಿ ಕೊಟ್ಟರು.

ಬಿರಾದಾರರು ಚಹಾ ಮುಗಿಸಿದರು. ಸಂಹಿತಾಳ ಲೋಟ ತುಂಬಿದಂತೆಯೇ ಇತ್ತು. ಅವಳು, ಆ ಮಗುವಿನ ನಿಜವಾದ ವಯಸ್ಸನ್ನು ಆಮೇಲಾದರೂ ಯಾರಾದರೂ ತಾಯಿಯನ್ನು ಕೇಳಿದರೇ ಎಂದು ವಿಚಾರಿಸಿದಳು.

"ಮರಣ ಪ್ರಮಾಣಪತ್ರದಲ್ಲೂ ಎಂಟು ಎಂದೇ ಇದೆ," ಎಂದರು ಬಿರಾದಾರರು.